ಸಾಲು ಮುರಿಯೋದು ಯಾರು? ಓಲೆಗರಿಯಿಂದ ವಾಟ್ಸಾಪ್‌ವರೆಗೆ ಕನ್ನಡ ಕವಿತೆ

ಇವತ್ತಿನ ಕಂತಿನಲ್ಲಿ ಒಂದು ಚಿಕ್ಕ ಪ್ರಶ್ನೆ ಇಟ್ಕೊಂಡು ಶುರು ಮಾಡೋಣ. ನೀವೊಂದು ಕವಿತೆ ಬರೆದಿರಿ ಅಂತ ಇಟ್ಟುಕೊಳ್ಳಿ. ಹನ್ನೆರಡು ಸಾಲು, ನಡುವೆ ಎರಡು ಕಡೆ ಖಾಲಿ ಜಾಗ, ಕೊನೆಗೆ ನಿಮ್ಮ ಹೆಸರು. ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿದಿರಿ. ಯಾರೋ ಕಾಪಿ ಮಾಡಿದರು, ಇನ್ಯಾರೋ ಬೇರೆ ಆ್ಯಪ್‌ನಲ್ಲಿ ಅಂಟಿಸಿದರು. ಮೂರು ದಿನ ಆದಮೇಲೆ ಅದೇ ಕವಿತೆ ನಿಮ್ಮ ದೊಡ್ಡಮ್ಮನ ಕಡೆಯಿಂದ ನಿಮಗೇ ವಾಪಸ್ ಬಂತು. ಸಾಲುಗಳೆಲ್ಲ ಅಂಟಿಕೊಂಡು ಒಂದೇ ಪ್ಯಾರಾ ಆಗಿದೆ. ನೀವು 'ರಾಜ್‌ಕುಮಾರ್' ಅಂತ ಬರೆದಿದ್ದು 'ರಾಜ್ಕುಮಾರ್' ಆಗಿದೆ. ನಿಮ್ಮ ಹೆಸರು ಇದ್ದ ಜಾಗದಲ್ಲಿ 'ಸಂಗ್ರಹ' ಅಂತಿದೆ, ಪಕ್ಕದಲ್ಲಿ ಎರಡು ಗುಲಾಬಿ ಹೂವು.

ಕೋಪ ಬರುತ್ತೆ, ಬರಲೇಬೇಕು. ಆದರೆ ಕೋಪ ಮಾಡ್ಕೊಳ್ಳೋಕೆ ಮುಂಚೆ ಕೇಳ್ಕೋಬೇಕಾದ್ದು: ಕವಿತೆಯ ಸಾಲು ಇಲ್ಲೇ ಮುರೀಬೇಕು ಅಂತ ತೀರ್ಮಾನ ಮಾಡೋರು ಯಾರು? ಕವಿಯಾ, ಬರೆದುಕೊಳ್ಳೋನಾ, ಪ್ರೆಸ್ಸಿನವನಾ, ಇಲ್ಲಾ ಫೋನಾ? ಕನ್ನಡದಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಅದರಲ್ಲಿ ಬಹಳ ಭಾಗ ನಮ್ಮ ಕೆ.ಆರ್. ಮಾರ್ಕೆಟ್ ಸುತ್ತಲಿನ ಬೀದಿಗಳಲ್ಲೇ ಓಡಾಡ್ಕೊಂಡು ಹೇಳಬಹುದು. ಅದಕ್ಕೇ ಈ ಕಂತನ್ನ ಅಲ್ಲೇ ಓಡಾಡುತ್ತಾ ರೆಕಾರ್ಡ್ ಮಾಡಿದೆ. ಹಿಂದೆ ಆಟೋ ಹಾರ್ನ್, 'ಸೇವಂತಿಗೆ ಸೇವಂತಿಗೆ' ಅನ್ನೋ ಕೂಗು ಕೇಳಿಸಿದ್ರೆ ಅದು ಎಫೆಕ್ಟ್ ಅಲ್ಲ, ನಿಜವಾದ್ದೇ.

ಜಾಗದ ಪರಿಚಯ ಬೇಗ ಮುಗಿಸ್ತೀನಿ. ಹಳಬರು ಇವತ್ತಿಗೂ ಸಿಟಿ ಮಾರ್ಕೆಟ್ ಅಂತಲೇ ಕರೆಯೋ ಈ ಕೃಷ್ಣರಾಜ ಮಾರುಕಟ್ಟೆ 1928ರದ್ದು. ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರದ್ದು. ಮುಂಚೆ ಇಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಇಲ್ಲಿಂದ ಉತ್ತರಕ್ಕೆ ಹೊರಟರೆ ಅವೆನ್ಯೂ ರಸ್ತೆ, ಹಳೇ ಹೆಸರು ದೊಡ್ಡಪೇಟೆ: ಹಳೇ ಪುಸ್ತಕ, ಗೈಡು, ಲೆಕ್ಕದ ಪುಸ್ತಕ, ಡೈರಿ. ಸ್ವಲ್ಪ ಒಳಗೆ ಹೋದರೆ ಸುಲ್ತಾನ್‌ಪೇಟೆ: ಕಾಗದ, ಮದುವೆ ಕಾರ್ಡು. ಪಶ್ಚಿಮಕ್ಕೆ ಮೈಸೂರು ರಸ್ತೆಯಲ್ಲಿ 1916ರಲ್ಲಿ ಶುರುವಾದ ಬೆಂಗಳೂರು ಪ್ರೆಸ್. ನಿಮ್ಮ ಅಜ್ಜಿ ಮನೆ ಗೋಡೇಲಿ ಏಕಾದಶಿ, ರಾಹುಕಾಲ ನೋಡೋ ಕ್ಯಾಲೆಂಡರ್ ಇದ್ದರೆ ಬಹುಶಃ ಅವರದೇ. ದಕ್ಷಿಣಕ್ಕೆ ಚಾಮರಾಜಪೇಟೆ, ಅಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಅದು ಹುಟ್ಟಿದ್ದು 1915ರ ಮೇ 5ಕ್ಕೆ. ಒಂದು ಬೆಳಗ್ಗೆ ನಡೆದು ಮುಗಿಸಬಹುದಾದ ದೂರದಲ್ಲಿ ಕಾಗದ, ಅಚ್ಚು, ಪುಸ್ತಕ, ಪರಿಷತ್ತು ಎಲ್ಲ ಇವೆ.

ನಾನು ಬಿಕಾಂ ಓದಿದವಳು, ಹಾಗಾಗಿ ಲೆಕ್ಕದ ಪುಸ್ತಕದಿಂದಲೇ ಒಳಗೆ ಹೋಗ್ತೀನಿ. ನಾವು ಸರ್ಕಾರಿ ಕಚೇರಿಯ ಫೈಲಿಗೆ 'ಕಡತ' ಅಂತೀವಲ್ಲ, ಆ ಪದ ಮೊದಲು ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೀತಿದ್ದರು. ಬೇಡ ಅಂದರೆ ಅಳಿಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಎಲ್ಲ ಕಡತದಲ್ಲಿ. ಸುಮ್ಮನೆ ಊಹಿಸಿ: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮೇಲಿಂದ ಕೆಳಕ್ಕೆ ಬಿಚ್ಚಿಕೊಳ್ಳೋ ಉದ್ದನೆಯ ಪಟ್ಟಿ. ಡಾರ್ಕ್ ಮೋಡ್‌ನಲ್ಲಿ ಸ್ಕ್ರಾಲ್ ಮಾಡೋದು ನಮ್ಮ ತಲೆಮಾರು ಕಂಡುಹಿಡಿದದ್ದಲ್ಲ.

ಕಾವ್ಯಕ್ಕೆ ಮಾತ್ರ ಓಲೆಗರಿ. ತಾಳೆಯ ಎಲೆಯನ್ನ ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ, ಹದ ಮಾಡಿ, ಕಂಠ ಅನ್ನೋ ಕಬ್ಬಿಣದ ಮೊನೆಯಿಂದ ಕೊರೀತಾರೆ. ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತೆ. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿದರೆ ಒಂದು ಕಟ್ಟು. ಈಗ ಗಮನಿಸಬೇಕಾದ್ದು: ಅಲ್ಲಿ ಪದ ಪದದ ನಡುವೆ ಜಾಗ ಇಲ್ಲ. ಪದ್ಯದ ಸಾಲು ಮುಗೀತು ಅಂತ ಕೆಳಗೆ ಇಳಿಯೋದಿಲ್ಲ. ಗರಿಯ ಅಂಚು ಬಂದಾಗ ಸಾಲು ಮುಗಿಯುತ್ತೆ, ಅದು ಪದದ ಮಧ್ಯೆ ಆಗಿದ್ದರೂ ಸರಿ. ಪದ್ಯ ಮುಗಿದದ್ದಕ್ಕೆ ಒಂದೋ ಎರಡೋ ನಿಂತ ಗೀಟು, ಅಷ್ಟೇ. ಶಾಸನಗಳಲ್ಲೂ ಸಾಮಾನ್ಯವಾಗಿ ಹೀಗೇ. ಕಲ್ಲಿನ ಸಾಲೇ ಬೇರೆ, ಪದ್ಯದ ಸಾಲೇ ಬೇರೆ.

ಅಂದರೆ ದೊಡ್ಡಮ್ಮನ ಫಾರ್ವರ್ಡ್‌ನಲ್ಲಿ ನಿಮ್ಮ ಕವಿತೆಗೆ ಏನಾಯಿತೋ, ಪಂಪನ ಕಾವ್ಯಕ್ಕೆ ಪ್ರತಿ ಗರಿಯಲ್ಲೂ ಅದೇ ಆಗ್ತಿತ್ತು. ಆದರೂ ಕಾವ್ಯ ಉಳೀತು. ಹೇಗೆ?

ಸಾಲು ಕಣ್ಣಲ್ಲಿ ಇರಲಿಲ್ಲ, ಕಿವೀಲಿತ್ತು. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರಾಸ ಅಂದರೆ ನಾವು ಸಿನಿಮಾ ಹಾಡಲ್ಲಿ ಕೇಳೋ ಕೊನೇ ಪ್ರಾಸ ಅಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಸಾಲು 'ಮನೆ' ಅಂತ ಶುರುವಾದರೆ ಮುಂದಿನದು 'ಜನ', ಆಮೇಲೆ 'ಹನಿ', ಆಮೇಲೆ 'ಕೊನೆ' ಅಂತ ಶುರುವಾಗಬಹುದು. ಪರೀಕ್ಷೆಗೆ ಓದುವಾಗ ಇದು ಸುಮ್ಮನೆ ಒಂದು ಕಾಟ ಅನ್ನಿಸಿರುತ್ತೆ. ಆದರೆ ಜಾಗವೇ ಬಿಡದ ಒಂದು ಗರಿಯನ್ನ ಮುಂದಿಟ್ಟುಕೊಂಡು ಯೋಚಿಸಿ. ಆ 'ನ' ಮತ್ತೆ ಸಿಕ್ಕಿತು ಅಂದರೆ ಹೊಸ ಸಾಲು ಶುರುವಾಗಿದೆ ಅಂತ ಗುರುತು. ನಾವು ಎಂಟರ್ ಕೀ ಒತ್ತೋದನ್ನ ಅವರು ಅಕ್ಷರದ ಒಳಗೇ ಹೊಲಿದಿಟ್ಟಿದ್ದರು. ಬರೆಯೋ ವಸ್ತು ಬದಲಾದರೂ ಅದು ಬಿಚ್ಚಿಹೋಗೋದಿಲ್ಲ.

ಇನ್ನೊಂದು ಕಾವಲು ಮಾತ್ರೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಲೆಕ್ಕ ನೋಡಿ, ಇಲ್ಲಿ ನನ್ನ ಬಿಕಾಂ ಖುಷಿಯಾಗುತ್ತೆ. 1, 2, 4, 5ನೇ ಸಾಲುಗಳಲ್ಲಿ 3-4-3-4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಲ್ಲಿ 3-4-3-4-3-4, ಮೇಲೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ. ಗಮಕಿಗಳು ಹಾಡೋವಾಗ ಒಂದು ಮಾತ್ರೆ ಕಡಿಮೆ ಬಿದ್ದರೂ ಗೊತ್ತಾಗುತ್ತೆ, ಲೆಜರ್ ತಾಳೆ ಆಗದಿದ್ದಾಗ ನಮಗೆ ಗೊತ್ತಾಗೋ ಹಾಗೆ. ಪ್ರತಿ ಮಾಡೋನು ಒಂದು ಅಕ್ಷರ ಬಿಟ್ಟರೆ ಪದ್ಯವೇ ಚಾಡಿ ಹೇಳುತ್ತೆ.

ಪ್ರತಿ ಮಾಡೋರ ಬಗ್ಗೆ ಒಂದು ಮಾತು. ಕಾವ್ಯ ಮುಗಿದ ಮೇಲೆ ಕೊನೆಯ ಗರಿಯಲ್ಲಿ ಎಷ್ಟೋ ಲಿಪಿಕಾರರು ತಮ್ಮದೂ ಒಂದು ಟಿಪ್ಪಣಿ ಸೇರಿಸ್ತಿದ್ದರು. ಬೆನ್ನು ಬಾಗಿದೆ, ಕತ್ತು ಸೋತಿದೆ, ಕಷ್ಟಪಟ್ಟು ಬರೆದದ್ದು, ಜೋಪಾನ ಮಾಡಿ ಅಂತ. ಇಡೀ ದಿನ ಕೂತು ಟೈಪ್ ಮಾಡೋ ಯಾರಿಗಾದರೂ ಇದು ಅರ್ಥ ಆಗುತ್ತೆ.

ಈಗ ಹೆಸರಿನ ವಿಷಯ. ವಚನಕಾರರು ಪ್ರಾಸವನ್ನೂ ಮಾತ್ರೆಯನ್ನೂ ಕಡ್ಡಾಯ ಮಾಡಿಕೊಳ್ಳಲಿಲ್ಲ. ಅವರು ಉಳಿಸಿಕೊಂಡದ್ದು ಅಂಕಿತ. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕಮಹಾದೇವಿ. ದಾಸರದೂ ಹೀಗೇ: ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. ಅದು ದೇವರ ಹೆಸರು, ಕವಿಯದ್ದಲ್ಲ. ಭಕ್ತಿಯ ಕಾರಣಕ್ಕೇ ಇಟ್ಟದ್ದು. ಆದರೆ ಅದು ಮಾಡಿದ ಕೆಲಸ ನೋಡಿ. ಹೆಸರನ್ನ ಕವಿತೆಯ ಕೆಳಗೆ, ಬೇರೆ ಸಾಲಲ್ಲಿ ಹಾಕಿದ್ದರೆ ಎರಡನೇ ಪ್ರತಿಯಲ್ಲೇ ಬಿದ್ದುಹೋಗ್ತಿತ್ತು. ವಾಕ್ಯದ ಒಳಗೇ ಕಟ್ಟಿದ್ದರಿಂದ ಅದನ್ನ ಕತ್ತರಿಸಿದರೆ ವಚನವೇ ಕುಂಟುತ್ತೆ. ಹಾಗಂತ ಪೂರ್ತಿ ಸುರಕ್ಷಿತವೂ ಅಲ್ಲ. ಅಂಕಿತ ಗೊತ್ತಿರೋ ಯಾರು ಬೇಕಾದರೂ ಹೊಸದೊಂದು ಬರೆದು ಅದೇ ಮುದ್ರೆ ಒತ್ತಬಹುದು. ಮೂರು ಸಾಲು ಬರೆದು ಕೊನೆಗೆ 'ಸರ್ವಜ್ಞ' ಅಂತ ಸೇರಿಸಿದ್ದು ಎಷ್ಟಿದೆಯೋ! ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ.

ಇನ್ನು ಅಚ್ಚಿಗೆ ಬರೋಣ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ಕ್ಕೆ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. ಅದು ಮೊದಲು ಬಂದದ್ದು ಮೊಳೆ ಅಚ್ಚಿನಲ್ಲಲ್ಲ, ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನ ಕಲ್ಲಿನ ಮೇಲೆ ಇಳಿಸಿ ಹಾಗ್ಹಾಗೇ ಪ್ರತಿ ತೆಗೆಯೋದು. ಅಕ್ಷರ ಇಲ್ಲಿ ಚಿತ್ರ. ಎಲ್ಲಿ ಬೇಕಾದರೂ ಸಾಲು ಮುರಿಯಬಹುದು, ಓರೆಯಾಗಿ ಬರೆಯಬಹುದು. ಆದರೆ ಒಂದು ತಪ್ಪು ತಿದ್ದಬೇಕಾದರೆ ಕಷ್ಟ, ಒಂದು ಪದ ಕಿತ್ತು ಬೇರೆ ಕಡೆ ಬಳಸೋಕಂತೂ ಆಗೋದೇ ಇಲ್ಲ. ಈ ಕಲ್ಲಚ್ಚನ್ನ ನೆನಪಲ್ಲಿ ಇಟ್ಕೊಳ್ಳಿ, ಇನ್‌ಸ್ಟಾಗ್ರಾಂ ಬಂದಾಗ ಮತ್ತೆ ಬೇಕಾಗುತ್ತೆ.

ಮೊಳೆ ಅಚ್ಚು ಬೇರೆ ಲೋಕ. ಒಂದೊಂದು ಅಕ್ಷರವೂ ಸೀಸದ ಮೊಳೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ಕಂಪೋಸಿಟರ್ ಅವನ್ನೆಲ್ಲ ತಲೆಕೆಳಗಾಗಿ ಓದಿಕೊಂಡು ಜೋಡಿಸಬೇಕು. ತಪ್ಪಾದರೆ ದೂರೋದಕ್ಕೆ ಒಬ್ಬ ಇದ್ದ, 'ಮುದ್ರಾರಾಕ್ಷಸ'. ಸಂಸ್ಕೃತ ನಾಟಕದ ಹೆಸರನ್ನ ಎತ್ತಿಕೊಂಡು ಅಚ್ಚಿನ ದೋಷಕ್ಕೆ ಅಂಟಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಕೈ ಮುಗೀಬೇಕು.

ಅಚ್ಚಿಗೆ ಹೋದಾಗ ಸಂಪಾದಕರ ಮುಂದೆ ಮೊದಲ ಸಲ ಈ ಪ್ರಶ್ನೆ ಬಂತು: ಗರಿಯಲ್ಲಿ ಒಂದೇ ಸಮನೆ ಇರೋದನ್ನ ಹಾಳೆಯ ಮೇಲೆ ಹೇಗೆ ಬಿಡಿಸೋದು? 1898ರಲ್ಲಿ ಕೆ.ಬಿ. ಪಾಠಕ್ 'ಕವಿರಾಜಮಾರ್ಗ'ವನ್ನ ಅಚ್ಚು ಮಾಡಿಸಿದರು. ಇಂಥ ಪ್ರತಿಯೊಂದು ಕಾವ್ಯಕ್ಕೂ ಯಾರೋ ಒಬ್ಬರು ಕೂತು ಸಾಲು, ಪದ್ಯಸಂಖ್ಯೆ, ವಿರಾಮಗಳನ್ನ ತೀರ್ಮಾನಿಸಿದ್ದಾರೆ. ಛಂದಸ್ಸು ಇರೋ ಪದ್ಯಕ್ಕೆ ಇದು ಸುಲಭ, ಪ್ರಾಸವೇ ಹೇಳಿಕೊಡುತ್ತೆ. ಆದರೆ ವಚನ? ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಅಲ್ಲಿಂದ ಇಲ್ಲಿವರೆಗೆ ವಚನಗಳನ್ನ ಗದ್ಯದ ಹಾಗೆ ಪ್ಯಾರಾ ಮಾಡಿ ಹಾಕಿದವರೂ ಇದ್ದಾರೆ, ಕವಿತೆ ಹಾಗೆ ಸಾಲು ಮುರಿದವರೂ ಇದ್ದಾರೆ. ನಾವು ಪಠ್ಯಪುಸ್ತಕದಲ್ಲಿ, ಗೋಡೆಯ ಮೇಲೆ, ಸ್ಟೇಟಸ್‌ನಲ್ಲಿ ನೋಡೋ 'ಕವಿತೆಯಾಕಾರದ' ವಚನ ಬಸವಣ್ಣ ಕೊಟ್ಟ ಆಕಾರ ಅಲ್ಲ. ಅದು ಸಂಪಾದಕರ ಕೈ. ಇದನ್ನ ದೂರಾಗಿ ಹೇಳ್ತಿಲ್ಲ. ಬಹಳ ಕಡೆ ಆ ಸಾಲುಗಳು ಉಸಿರಿಗೆ ಸರಿಯಾಗಿ ಕೂತಿವೆ. ಆದರೆ ಗೊತ್ತಿರಬೇಕು ಅಲ್ವಾ?

ಇದೇ ಹೊತ್ತಿಗೆ ಗಡಿಯ ಆಚೆಯ, ಇವತ್ತಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಎಂ. ಗೋವಿಂದ ಪೈಗಳು 1911ರಲ್ಲಿ ಎರಡನೇ ಅಕ್ಷರದ ಪ್ರಾಸವನ್ನೇ ಬಿಟ್ಟುಬಿಟ್ಟರು. ಆಗ ಅದು ದೊಡ್ಡ ರಾದ್ಧಾಂತ. ಸಾಮಾನ್ಯವಾಗಿ ಇದನ್ನ ಕವಿಯ ಸ್ವಾತಂತ್ರ್ಯದ ಕಥೆಯಾಗಿ ಹೇಳ್ತಾರೆ, ಅದು ಸರಿಯೇ. ನನಗೆ ಇನ್ನೊಂದೂ ಕಾಣುತ್ತೆ. ಅಷ್ಟೊತ್ತಿಗೆ ಅಚ್ಚಿನ ಹಾಳೆ ಮನೆಮನೆಗೆ ಬಂದಾಗಿತ್ತು. ಸಾಲು ಎಲ್ಲಿ ಶುರು ಅಂತ ಹೇಳೋ ಕೆಲಸವನ್ನ ಖಾಲಿ ಜಾಗ ವಹಿಸಿಕೊಂಡಿತ್ತು, ಹಾಗಾಗಿ ಪ್ರಾಸಕ್ಕೆ ಆ ಡ್ಯೂಟಿ ಇಲ್ಲ, ರಿಟೈರ್ ಆಗಬಹುದು. ಇದು ನನ್ನ ಓದು, ಒಪ್ಪಲೇಬೇಕು ಅಂತೇನಿಲ್ಲ. ಆದರೆ ಅದರ ಬೆಲೆ ಏನು ಅಂದರೆ ಅಲ್ಲಿಂದ ಮುಂದಕ್ಕೆ ಕವಿತೆ ಹಾಳೆಯನ್ನ ನಂಬಿಕೊಂಡಿತು. ಅಡಿಗರ 'ಚಂಡೆ ಮದ್ದಳೆ' 1954ರಲ್ಲಿ, 'ಭೂಮಿಗೀತ' 1959ರಲ್ಲಿ ಬಂದವು. ಆ ನವ್ಯದ ಕಾಲಕ್ಕೆ ಸಾಲು ಎಲ್ಲಿ ಮುರಿಯುತ್ತೆ ಅನ್ನೋದು ಕವಿತೆಯ ಅರ್ಥದ ಭಾಗವೇ ಆಗಿತ್ತು. ಅಂಥ ಕವಿತೆಯ ಸಾಲುಗಳನ್ನ ಅಂಟಿಸಿದರೆ ಅದು ಪದ್ಯವನ್ನ ಕೊಂದ ಹಾಗೆ. ಕುಮಾರವ್ಯಾಸನ ಸಾಲು ಅಂಟಿಸಿದರೆ ಏನೂ ಆಗೋದಿಲ್ಲ, ಹಾಡೋರು ಬಿಡಿಸಿಕೊಳ್ತಾರೆ.

ಖಾಲಿ ಜಾಗಕ್ಕೆ ದುಡ್ಡೂ ಆಗುತ್ತೆ, ಅದನ್ನ ಮರೀಬಾರದು. ಪುಸ್ತಕ ಅಚ್ಚಾಗೋದು ಫಾರಂ ಲೆಕ್ಕದಲ್ಲಿ, ಒಂದು ಫಾರಂಗೆ ಸಾಮಾನ್ಯವಾಗಿ 16 ಪುಟ. ನಿಮ್ಮ ಸಂಕಲನ 66 ಪುಟ ಆದರೆ ಆ ಎರಡು ಪುಟಕ್ಕೋಸ್ಕರ ಇನ್ನೊಂದು ತುಂಡು ಫಾರಂ. ಆಗ ಪ್ರಕಾಶಕರು ಮೆತ್ತಗೆ ಕೇಳ್ತಾರೆ: 'ಈ ಎರಡು ಪದ್ಯ ಒಂದೇ ಪುಟದಲ್ಲಿ ಕೂರಿಸೋಣ್ವಾ?' ಎಷ್ಟೋ ಕವಿತೆಗಳ ಆಕಾರದ ಹಿಂದೆ ಕಾಗದದ ಬೆಲೆ ಇದೆ. ಸುಲ್ತಾನ್‌ಪೇಟೆ ಅಂಗಡಿ ಮುಂದೆ ನಿಂತು ರೀಮು ಎಣಿಸೋದು ನೋಡಿದರೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಸರಿ, ಈಗ ಕಂಪ್ಯೂಟರ್. ನಿಜವಾದ ನಷ್ಟ ಆಗಿರೋದು ಇಲ್ಲಿ.

1990ರ ದಶಕದಿಂದ ಮೊಳೆ ಹೋಗಿ ಡಿಟಿಪಿ ಬಂತು. ಕಂಪ್ಯೂಟರಿನ ಒಂದು ಫಾಂಟಿನಲ್ಲಿ ಆಗ 256 ಮನೆ. ಅವು ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲು. ನಮ್ಮವರು ಏನು ಮಾಡಿದರು? ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿದರು: ತಲೆಕಟ್ಟು ಒಂದು ಮನೆ, ಒತ್ತು ಒಂದು ಮನೆ. ಅಂದರೆ ಫೈಲಿನ ಒಳಗೆ ಇರೋದು ಇಂಗ್ಲಿಷ್ ಚಿಹ್ನೆ, ಫಾಂಟ್ ಹಾಕಿದಾಗ ಮಾತ್ರ ಕನ್ನಡದ ವೇಷ. ನುಡಿ ಫಾಂಟಿನಲ್ಲಿ ಬರೆದ 'ಕನ್ನಡ' ಅನ್ನೋ ಪದದ ವೇಷ ಕಳಚಿದರೆ ಏನು ಸಿಗುತ್ತೆ ಗೊತ್ತಾ? ಒಂದು ದೊಡ್ಡ 'ಪಿ', ತಲೆಮೇಲೆ ಗೀಟಿರೋ 'ಎ', ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ 'ಎ', ಜರ್ಮನ್ನರ ಜೋಡಿ 'ಎಸ್', ಒಂದು ಸಣ್ಣ 'ಕ್ಯೂ', ಮತ್ತೊಂದು ಗೀಟಿನ 'ಎ'. ಏಳು ಚಿಹ್ನೆ, ಒಂದೂ ಕನ್ನಡದ್ದಲ್ಲ. ಹಳೆಯ ಇಮೇಲ್‌ನಲ್ಲಿ ಪೌಂಡು, ಟೋಪಿ ತುಂಬಿದ ಗೊಜ್ಜು ಬಂದಿದ್ದರೆ ಅದು ವೈರಸ್ ಅಲ್ಲ, ಯಾರದೋ ಕಥೆ.

ಆ ಕಾಲದ ಕೆಲಸವನ್ನ ಹಗುರವಾಗಿ ಮಾತಾಡೋಕೆ ನನಗೆ ಇಷ್ಟ ಇಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ'ವನ್ನ ಉಚಿತವಾಗಿ ಕೊಟ್ಟರು. ಹೊರದೇಶದಲ್ಲಿದ್ದ ಎಷ್ಟೋ ಕನ್ನಡದ ಮನೆಗಳಲ್ಲಿ ಮೊದಲ ಕನ್ನಡ ಪತ್ರ ಟೈಪ್ ಆದದ್ದು ಅದರಲ್ಲಿ. ಕನ್ನಡ ಗಣಕ ಪರಿಷತ್ತು 'ನುಡಿ' ತಂದಿತು. ಇವೆಲ್ಲಕ್ಕೂ ಮುಂಚೆ ಕಿನ್ನಿಕಂಬಳ ಪದ್ಮನಾಭ ರಾವ್, ನಮ್ಮ ಕೆ.ಪಿ. ರಾವ್, ಕೀಲಿಮಣೆಯನ್ನ ಕನ್ನಡದ ಕಿವಿಗೆ ಹೊಂದಿಸಿದರು. ಎಷ್ಟು ಅಕ್ಷರದ ಆಕಾರ ಇದೆ ಅಂತ ಎಣಿಸಬೇಡಿ, ಎಷ್ಟು ಉಚ್ಚಾರ ಇದೆ ಅಂತ ಎಣಿಸಿ ಅನ್ನೋ ಲೆಕ್ಕ ಅದು. ಅವರ ವಿನ್ಯಾಸದಲ್ಲಿ 'ಕನ್ನಡ' ಅಂದರೆ ಐದು ಕೀ: ಕ, ನ, ಕೂಡಿಸೋ ಕೀ, ನ, ಡ. ಮುಗೀತು.

ಯೂನಿಕೋಡ್ ಕೂಡ ಇದೇ ಐದನ್ನೇ ಎಣಿಸುತ್ತೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಸಿಕ್ಕಿತು. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಅರ್ಕಾವತ್ತು. 'ಸೂರ್ಯ' ಅಂತ ಬರೆದಾಗ ಕಣ್ಣಿಗೆ ಮೊದಲು 'ಯ' ಕಾಣುತ್ತೆ, ಆಮೇಲೆ ಅದರ ಪಕ್ಕ ಅರ್ಕಾವತ್ತು. ಮೊಳೆ ಜೋಡಿಸೋರೂ ಹಾಗೇ ಇಡ್ತಿದ್ದರು, ನುಡಿಯ ಹಳೇ ಫೈಲಲ್ಲೂ ಅದೇ ಕ್ರಮ. ಆದರೆ ಬಾಯಲ್ಲಿ ಮೊದಲು ಬರೋದು 'ರ್'. ಯೂನಿಕೋಡ್ ಬಾಯಿಯ ಕ್ರಮವನ್ನೇ ಇಟ್ಟುಕೊಂಡಿದೆ. ಓಲೆಗರಿಯ ಕಾಲದ ಹಾಗೆ ಮತ್ತೆ ಕಿವಿಯ ಲೆಕ್ಕ.

ಆದರೆ ಕಣ್ಣಿನ ತಕರಾರು ಪೂರ್ತಿ ಹೋಗಲಿಲ್ಲ. 'ಜ್' ಆದಮೇಲೆ 'ಕು' ಬಂದರೆ ಒತ್ತಕ್ಷರ ಮಾಡು ಅನ್ನೋದು ನಿಯಮ. ಹಾಗಾಗಿ ರಾಜ್‌ಕುಮಾರ್ ಅವರನ್ನ ಬಿಡಿಸಿಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು, ಅಗಲ ಸೊನ್ನೆ. ಹಾಗೇ ಇನ್ನೊಂದು, ಕೂಡಿಸೋ ಗುರುತು. ಅದಿಲ್ಲದಿದ್ದರೆ 'ರ‍್ಯಾಂಕ್' ಅಂತ ಬರೆಯಹೋದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತೆ. ಕೆಲವು ಆ್ಯಪ್‌ಗಳು ಕಾಣದ ಈ ಗುರುತುಗಳನ್ನ ಕಸ ಅಂದುಕೊಂಡು ಗುಡಿಸಿಬಿಡ್ತವೆ. ದೊಡ್ಡಮ್ಮನ ಫಾರ್ವರ್ಡ್‌ನಲ್ಲಿ ಆದದ್ದು ಇದೇ. ಖಾಲಿ ಸಾಲಿಗೂ ಅದೇ ಗತಿ. ವೆಬ್ ಪುಟಕ್ಕೆ ಬೇರೆ ಏನೂ ಹೇಳದಿದ್ದರೆ, ನೀವು ಒತ್ತಿದ ಎಂಟರ್ ಕೂಡ ಅದಕ್ಕೆ ಒಂದು ಸಣ್ಣ ಜಾಗ, ಅಷ್ಟೇ. ಸಾಲಿನ ಮುಂದೆ ನೀವು ಬಿಟ್ಟ ನಾಲ್ಕು ಜಾಗವನ್ನಂತೂ ನುಂಗೇ ಬಿಡುತ್ತೆ. ಷಟ್ಪದಿಯ ಮೆಟ್ಟಿಲು ಮೆಟ್ಟಿಲಾದ ಆಕಾರ ಹೀಗೇ ಹೋಯಿತು. ಇನ್‌ಸ್ಟಾಗ್ರಾಂನಲ್ಲಿ ಖಾಲಿ ಸಾಲು ಉಳಿಸಿಕೊಳ್ಳೋಕೆ ಜನ ಒಂದೊಂದು ಚುಕ್ಕಿ ಹಾಕ್ತಿದ್ದದ್ದು ನಿಮಗೂ ನೆನಪಿರಬೇಕು.

ಎಸ್ಸೆಮ್ಮೆಸ್ ಕಾಲದಲ್ಲಿ ಇನ್ನೂ ಕಷ್ಟ ಇತ್ತು. ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. 'ಕನ್ನಡ' ಅನ್ನೋ ಪದಕ್ಕೇ ಅದರಲ್ಲಿ ಐದು ಖರ್ಚು. ಹನಿಗವನ ಕಳಿಸಿದರೂ ಎರಡು ಮೆಸೇಜಿನ ದುಡ್ಡು. ಜೊತೆಗೆ ಆಚೆ ಕಡೆಯ ಫೋನಿನಲ್ಲಿ ಕನ್ನಡ ಇಲ್ಲದಿದ್ದರೆ ಬರೀ ಚೌಕಗಳು. ಅದಕ್ಕೇ ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋದು ಕಲಿತದ್ದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಅದರ ಒಳಗೇ ಸೇರಿತು. ಆಮೇಲೆ ಬಂದ ಪ್ರವಾಹ ನೀವೇ ನೋಡಿದ್ದೀರಿ.

ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ನಿಂತಾಗ ಒಂದು ವಿಷಯ ನೆನಪಾಗಿ ನಗು ಬಂತು. ಯೂನಿಕೋಡಿನ ಮೊದಮೊದಲ ಮುಕ್ತ ಕನ್ನಡ ಫಾಂಟುಗಳಲ್ಲಿ ಎರಡರ ಹೆಸರು 'ಕೇದಗೆ', 'ಮಲ್ಲಿಗೆ'. ಇಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತೆ, ಅಲ್ಲಿ ಡೌನ್‌ಲೋಡ್.

ಈಗ ಹಂಚಿಕೊಳ್ಳೋ ವಿಷಯ. ಇವತ್ತು ಕವಿತೆ ಬರೆಯೋ ಬಹಳ ಜನ ಅದನ್ನ ಚಿತ್ರ ಮಾಡಿ ಹಾಕ್ತಾರೆ. ಚೆಂದದ ಹಿನ್ನೆಲೆ, ಸಾಲು ಇಟ್ಟಲ್ಲೇ ಇರುತ್ತೆ, ಮೂಲೇಲಿ ಹೆಸರು. ಅದು ಮೊಗ್ಲಿಂಗರ ಕಲ್ಲಚ್ಚು, ಮತ್ತೆ ಬಂದಿದೆ. ಅದರ ಲಾಭ ನಷ್ಟ ಎರಡೂ ಹಾಗೇ ಇವೆ. ಹುಡುಕಿದರೆ ಸಿಗೋದಿಲ್ಲ. ಅಕ್ಷರ ದೊಡ್ಡದು ಮಾಡಿ ಓದೋಕೆ ಆಗೋದಿಲ್ಲ. ಕಣ್ಣು ಕಾಣದ ಗೆಳೆಯರ ಫೋನಿನ ಸ್ಕ್ರೀನ್ ರೀಡರ್ ಎಷ್ಟೋ ಸಲ 'ಚಿತ್ರ' ಅಂತಷ್ಟೇ ಹೇಳಿ ಮುಂದೆ ಹೋಗುತ್ತೆ. ಕಿವಿಗಾಗಿಯೇ ಹುಟ್ಟಿದ ಕನ್ನಡ ಕಾವ್ಯ ಕಿವಿಯನ್ನ ನಂಬಿರೋರಿಗೇ ಸಿಗದೇ ಹೋಗೋದು ನನಗಂತೂ ಒಪ್ಪಿಗೆ ಇಲ್ಲ. ಚಿತ್ರ ಹಾಕಿ, ಬೇಡ ಅನ್ನೋಲ್ಲ. ಕೆಳಗೆ ಪಠ್ಯವನ್ನೂ ಹಾಕಿ. ಕಳಿಸೋ ಮುಂಚೆ ಚಿಕ್ಕ ಸ್ಕ್ರೀನಿನ ಫೋನಲ್ಲಿ ಒಮ್ಮೆ ನೋಡಿ, ಯಾಕಂದರೆ ಉದ್ದ ಸಾಲು ಜಾಗ ಸಾಲದೆ ಮಡಚಿಕೊಂಡದ್ದೂ, ನೀವು ಬೇಕಂತ ಮುರಿದದ್ದೂ ಅಲ್ಲಿ ಒಂದೇ ತರ ಕಾಣುತ್ತೆ. ಪುಸ್ತಕದಲ್ಲಾದರೆ ಮಡಚಿದ ತುಂಡನ್ನ ಒಳಕ್ಕೆ ತಳ್ಳಿ ಗುರುತು ಮಾಡ್ತಾರೆ. ಫೋನಿಗೆ ಅಷ್ಟು ತಾಳ್ಮೆ ಇಲ್ಲ.

ಹೆಸರು ಉಳಿಸಿಕೊಳ್ಳೋಕೆ ಕಾನೂನೂ ಇದೆ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನ ಮಾರಿದ ಮೇಲೂ 'ಇದನ್ನ ಬರೆದದ್ದು ನಾನು' ಅಂತ ಹೇಳೋ ಅಧಿಕಾರ ಲೇಖಕರಿಗೇ. ಲೇಖಕರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಲೆಕ್ಕ ಹಾಕಿದರೆ 1943ರ 'ಮಂಕುತಿಮ್ಮನ ಕಗ್ಗ' 2035ರ ಕೊನೆಯವರೆಗೆ ಹಕ್ಕಿನ ಒಳಗೇ. ಆದರೆ ಪ್ರತಿ ಬೆಳಗ್ಗೆ ಬರೋ ಕಗ್ಗದ ಫಾರ್ವರ್ಡ್ ಮೇಲೆ ಯಾರೂ ಕೇಸ್ ಹಾಕೋದಿಲ್ಲ, ಹಾಕಲೂಬಾರದು. ಅಲ್ಲಿ ಕಾಯ್ತಿರೋದು ಕಾನೂನಲ್ಲ, ಪದ್ಯದ ಕೊನೆಯಲ್ಲಿರೋ 'ಮಂಕುತಿಮ್ಮ'. ಅಂಕಿತದ ಹಳೇ ಉಪಾಯವನ್ನ ಬಸವನಗುಡಿಯ ಡಿವಿಜಿ ಮತ್ತೆ ಬಳಸಿದರು. ಹಾಗಾಗಿ ಎಷ್ಟು ಗುಂಪು ದಾಟಿ ಬಂದರೂ ಅದು ಕಗ್ಗ ಅಂತ ಗೊತ್ತಾಗುತ್ತೆ. ಇನ್‌ಸ್ಟಾದಲ್ಲಿ ಬರೆಯೋ ಈಗಿನ ಕೆಲವರು ಕೊನೆಯ ಸಾಲಲ್ಲೇ ತಮ್ಮ ಕಾವ್ಯನಾಮ ನೇಯ್ತಾರೆ. ಹಳೇ ಕಾಲದ ಚಟ ಅಂತ ನಗಬೇಡಿ.

ಕೊನೆಯದಾಗಿ ಒಂದು ಅಂಗಡಿ. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಎರಡು ಕುರ್ಚಿ ಹಿಡಿಯೋ ಡಿಟಿಪಿ ಅಂಗಡಿ. ನಡೆಸೋರ ಹೆಸರು ಹೇಳೋಲ್ಲ, ಅವರಿಗೆ ಇಷ್ಟ ಇಲ್ಲ. ಮದುವೆ ಕಾರ್ಡು, ಗೃಹಪ್ರವೇಶ, ತಿಥಿ ಕಾರ್ಡು ಅವರ ಊಟ. ನಡುನಡುವೆ ಕವನ ಸಂಕಲನ. ಅವರ ಮೇಜಿನ ಡ್ರಾಯರ್ ತುಂಬ ಸಿಡಿಗಳು, ಕೆಳಗೆ ಫ್ಲಾಪಿಗಳು. ಪೇಜ್‌ಮೇಕರ್ ಫೈಲುಗಳು, ಹಳೇ ಫಾಂಟು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. 'ಇದರಲ್ಲಿ ಕೆಲವರು ಈಗ ಇಲ್ಲಮ್ಮ, ಪುಸ್ತಕದ ಪ್ರತಿಗಳೂ ಸಿಗಲ್ಲ' ಅಂದರು. ಅವು ಬಿಡಿಸಿದರೆ ಪೌಂಡು, ಟೋಪಿ, ಕ್ಯೂ.

ಪರಿವರ್ತಕ ತಂತ್ರಾಂಶಗಳಿವೆ, ಉಚಿತವಾಗಿಯೂ ಸಿಗುತ್ತೆ. 'ವಚನ ಸಂಚಯ'ದಂಥ ಕೆಲಸ ಆದದ್ದು ಇಂಥ ಪರಿವರ್ತನೆಯಿಂದಲೇ. ಸಾವಿರಾರು ವಚನಗಳನ್ನ ಈಗ ಪದ ಹಾಕಿ ಹುಡುಕಬಹುದು. ಆದರೆ ಮೆಷಿನ್ನಿಗೆ ಅರ್ಕಾವತ್ತನ್ನ ಹಿಂದಿನಿಂದ ಮುಂದಕ್ಕೆ ಎತ್ತಿಡಬೇಕು, ಅಲ್ಲಿ ಆಗಾಗ ಎಡವುತ್ತೆ. ಪುಟ ಮುಗಿದ ಕಡೆ ಪದ್ಯವೂ ಮುಗೀತಾ ಇಲ್ಲಾ ಮುಂದುವರೀತಾ ಅನ್ನೋದೂ ಅದಕ್ಕೆ ತಿಳಿಯಲ್ಲ. ಯಾರಾದರೂ ಕೂತು ಓದಬೇಕು. ನಾನು ಹೋದ ದಿನ ಅವರು ಒಂದು ಸಂಕಲನದ 40ನೇ ಪುಟದಲ್ಲಿದ್ದರು. ಯಾರೂ ಕೇಳಿದ್ದಲ್ಲ, ಕಾರ್ಡಿನ ಸೀಸನ್ ಇಲ್ಲ ಅಂತ ಕೂತಿದ್ದಾರೆ. ಒಂದು ಸಾಲಿನ ಮೇಲೆ ಕರ್ಸರ್ ಇಟ್ಟು, ಬಾಯಲ್ಲಿ ಎರಡು ಸಲ ಹೇಳಿಕೊಂಡು ನೋಡಿದರು. ಆಮೇಲೆ ಎಂಟರ್ ಒತ್ತಿದರು.